ಕೈಯಲ್ಲಿ ಮಾಡಿದ ಗಾಜಿನ ಗೋಲಿ: ಸ್ವಂತದ್ದು ಎಷ್ಟು, ಎರವಲು ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಕಡೆಯ ಬದಿಯಡ್ಕದ ಹತ್ತಿರ ನಮ್ಮ ಮನೆ. ಹಿಂದೆ ಸೌದೆ ಕೊಟ್ಟಿಗೆ ಇತ್ತು. ಈಗ ಅಲ್ಲಿ ಗಾಜು ಕರಗಿಸುವ ಒಂದು ಗ್ಯಾಸ್ ಟಾರ್ಚ್, ಎರಡು ಸಿಲಿಂಡರ್, ಮಾಡಿದ ಗೋಲಿಯನ್ನು ನಿಧಾನ ತಣಿಸಲು ಒಂದು ಸಣ್ಣ ಕುಲುಮೆ ಉಂಟು. ನಾನು ಗಾಜಿನ ಗೋಲಿ ಮಾಡುತ್ತೇನೆ. ಆಡಲಿಕ್ಕಲ್ಲ, ನೋಡಲಿಕ್ಕೆ. ಜಾತ್ರೆಯಲ್ಲಿ ಮೇಜು ಹಾಕಿ ಕೂತರೆ ಜನ ಮೊದಲು ಕೇಳುವುದು "ಗೋಲಿಗೆ ಇಷ್ಟು ರೇಟಾ ಮಾರಾಯ್ರೆ?" ಅಂತ. ಅದಕ್ಕೆ ಉತ್ತರ ಸುಲಭ, ಗ್ಯಾಸಿನ ಬಿಲ್ಲು ತೋರಿಸಿದರೆ ಮುಗಿಯಿತು. ಆಮೇಲೆ ಕೇಳುವುದು "ಇದು ನಿಮ್ಮದೇ ಐಡಿಯಾವಾ?" ಅಂತ. ಈ ಪ್ರಶ್ನೆಗೆ ನಿಂತ ನಿಲುವಿನಲ್ಲಿ ಉತ್ತರ ಹೇಳಲು ನನಗೆ ಇವತ್ತಿಗೂ ಬರುವುದಿಲ್ಲ. ಅದಕ್ಕೇ ಇದನ್ನು ಬರೆದಿಟ್ಟಿದ್ದೇನೆ.

ಗಾಜಿನ ಗೋಲಿಯಲ್ಲಿ ಸ್ವಂತ ಅನ್ನುವುದು ನಿಜವಾಗಿ ಎಷ್ಟು ಉಂಟು?

ನೀವು ಅಂದುಕೊಂಡದ್ದಕ್ಕಿಂತ ಕಡಿಮೆ. ಗಾಜಿನ ಕಡ್ಡಿ ಕಾಯಿಸುವುದು, ಬಣ್ಣ ಕೂರಿಸುವುದು, ಮೇಲೆ ತಿಳಿ ಗಾಜು ಹೊದೆಸುವುದು, ಗ್ರಾಫೈಟ್ ಅಚ್ಚಿನಲ್ಲಿ ಉರುಟು ಮಾಡುವುದು, ಇದೆಲ್ಲ ಬೇರೆಯವರು ಕಂಡುಹಿಡಿದು ಇಟ್ಟದ್ದು. ನಾನು ಹುಟ್ಟುವ ಎಷ್ಟೋ ಮೊದಲೇ ಇತ್ತು.

ನಮ್ಮ ಊರಿನವರಿಗೆ ತಾಳಮದ್ದಳೆಯ ಉದಾಹರಣೆ ಕೊಟ್ಟರೆ ಬೇಗ ಅರ್ಥವಾಗುತ್ತದೆ. ಪ್ರಸಂಗ ಅದೇ, ಭಾಗವತರು ಹೇಳುವ ಪದ್ಯವೂ ಅದೇ. ಆದರೆ ಅರ್ಥ ಹೇಳುವವರು ಬದಲಾದರೆ ಕರ್ಣನೇ ಬದಲಾಗುತ್ತಾನೆ. "ಪದ್ಯ ಕದ್ದರು" ಅಂತ ಯಾರೂ ದೂರುವುದಿಲ್ಲ. ಅದೇ ಒಬ್ಬರ ಅರ್ಥವನ್ನು ಇನ್ನೊಬ್ಬರು ಮಾತು ಮಾತಿಗೆ ಒಪ್ಪಿಸಿದರೆ ಮುಂದಿನ ಸಾಲಿನಲ್ಲಿ ಕೂತ ಅಜ್ಜ ಪಕ್ಕದವರನ್ನು ತಿವಿದು ನಗುತ್ತಾರೆ. ಗಾಜಿನಲ್ಲೂ ಹೀಗೆಯೇ. ತಂತ್ರ ಅಂದರೆ ಪದ್ಯ, ಅದು ಎಲ್ಲರದ್ದು. ಅದನ್ನು ಇಟ್ಟುಕೊಂಡು ನೀವು ಏನು ಹೇಳಿದಿರಿ ಅನ್ನುವುದು ಮಾತ್ರ ನಿಮ್ಮದು.

ಹಾಗಾದರೆ ಮೊದಲು ಮಾಡಿದವರು ಯಾರು?

"ಮೊದಲು" ಅಂತ ಹುಡುಕಿಕೊಂಡು ಹೋದರೆ ಸುಸ್ತಾಗುತ್ತದೆ, ಹೇಳಿಬಿಡುತ್ತೇನೆ.

ಜರ್ಮನಿಯ ತುರಿಂಗಿಯಾದಲ್ಲಿ ಲೌಷಾ ಅಂತ ಒಂದು ಬೆಟ್ಟದ ಊರು. 1597ರಲ್ಲಿ ಅಲ್ಲಿ ಗಾಜಿನ ಕುಲುಮೆ ಶುರುವಾಯಿತು. 1840ರ ದಶಕದಲ್ಲಿ ಅಲ್ಲಿನ ಗ್ರೈನರ್ ಮನೆತನದವರೊಬ್ಬರು ಒಂದು ವಿಶೇಷ ಕತ್ತರಿ ಮಾಡಿದರು. ಅದರ ಒಂದು ತುದಿಯಲ್ಲಿ ಬಟ್ಟಲಿನಂಥ ಗುಳಿ, ಇನ್ನೊಂದರಲ್ಲಿ ಅಲಗು. ಬಣ್ಣದ ಎಳೆ ತುಂಬಿದ ಬಿಸಿ ಗಾಜಿನ ಕೋಲನ್ನು ಆ ಗುಳಿಯಲ್ಲಿಟ್ಟು ತಿರುಗಿಸಿ ಕತ್ತರಿಸಿದರೆ ಗೋಲಿ. ನಮ್ಮ ಅಡಕತ್ತರಿಯ ದೂರದ ಸಂಬಂಧಿ ಅನ್ನಿ. ಹಳೆಯ ಜರ್ಮನ್ ಗಾಜಿನ ಗೋಲಿಗಳಲ್ಲಿ ಹೆಚ್ಚಿನವು ಈ ಕತ್ತರಿಯ ಮಕ್ಕಳು.

ಆದರೆ ಒಳಗಿನ ಆ ಎಳೆಗಳು? ಬಿಳಿ ದಾರ ಹೆಣೆದ ಹಾಗೆ ಕಾಣುವ ಕೆಲಸ ವೆನಿಸ್ ಹತ್ತಿರದ ಮುರಾನೋ ದ್ವೀಪದ್ದು. 1291ರಲ್ಲಿ ವೆನಿಸ್‌ನವರು ಕುಲುಮೆಗಳನ್ನೆಲ್ಲ ಆ ದ್ವೀಪಕ್ಕೆ ಸಾಗಿಸಿದರು. ಗುಟ್ಟು ಹೊರಗೆ ಹೋಗಬಾರದು ಅಂತ ಕುಶಲಕರ್ಮಿಗಳು ಊರು ಬಿಡದ ಹಾಗೆ ಕಟ್ಟುಪಾಡು ಮಾಡಿದರು. ಗುಟ್ಟು ನಿಂತಿತಾ? ಇಲ್ಲ. ಯುರೋಪ್ ತುಂಬಾ "ವೆನಿಸ್ ಮಾದರಿ" ಗಾಜು ಹರಡಿತು. ಇನ್ನು ಬಣ್ಣದ ಕೋಲನ್ನು ಅಡ್ಡ ಹೋಳು ಮಾಡಿ ಚಿತ್ರ ತೋರಿಸುವ ಮುರಿನೆ ತಂತ್ರ ಮುರಾನೋದವರದ್ದೂ ಅಲ್ಲ. ರೋಮನರ ಕಾಲದಲ್ಲೇ ಇತ್ತು.

ನಮ್ಮ ಕಡೆಯೂ ಕಡಿಮೆಯೇನಲ್ಲ. ಪುದುಚೇರಿ ಹತ್ತಿರದ ಅರಿಕಮೇಡಿನಲ್ಲಿ ಸುಮಾರು 2000 ವರ್ಷದ ಹಿಂದೆಯೇ ಗಾಜಿನ ಮಣಿ ಮಾಡುತ್ತಿದ್ದರು. ಕುಲುಮೆಯಿಂದ ಗಾಜನ್ನು ಉದ್ದ ಕೊಳವೆಯಾಗಿ ಎಳೆದು ತುಂಡು ಮಾಡುವ ಕೆಲಸ ಅದು. ಆಂಧ್ರದ ತಿರುಪತಿ ಕಡೆಯ ಪಾಪನಾಯ್ಡುಪೇಟೆಯಲ್ಲಿ ನಮ್ಮ ಕಾಲದವರೆಗೂ ಅದೇ ಬಗೆಯ ಕೆಲಸ ನಡೆದುಬಂತು. ಅದರ ಪೇಟೆಂಟ್ ಯಾರ ಹತ್ತಿರ ಕೇಳುತ್ತೀರಿ?

ಮೆಷಿನ್ ಗೋಲಿಯದ್ದು ಇನ್ನೂ ತಮಾಷೆ. ಅಮೆರಿಕದ ಓಹಾಯೋದ ಆಕ್ರನ್ ಊರಲ್ಲಿ ಮಾರ್ಟಿನ್ ಕ್ರಿಸ್ಟೆನ್ಸನ್ ಅನ್ನುವವರು ಉರುಟು ಮಾಡುವ ಯಂತ್ರಕ್ಕೆ 1905ರಲ್ಲಿ ಪೇಟೆಂಟ್ ಪಡೆದರು. ಅವರ ಕಂಪನಿಯಲ್ಲಿ ಕೆಲಸ ಮಾಡಿದ್ದ ಹೊರೇಸ್ ಹಿಲ್ ಆಮೇಲೆ ಆಕ್ರೋ ಅಗೇಟ್ ಕಂಪನಿ ಸೇರಿದರು. ಆಕ್ರೋ ದೊಡ್ಡದಾಗಿ ಬೆಳೆಯಿತು. 1930ರ ಹೊತ್ತಿಗೆ ಆಕ್ರೋದಲ್ಲಿದ್ದ ಕೆಲವರು ಹೊರಗೆ ಬಂದು ಮಾಸ್ಟರ್ ಮಾರ್ಬಲ್ ಅಂತ ಬೇರೆ ಕಂಪನಿ ಮಾಡಿದರು. ಈಗ ಆಕ್ರೋಗೆ ಸಿಟ್ಟು ಬಂತು, ಪೇಟೆಂಟ್ ಕೇಸು ಹಾಕಿತು, 1937ರಲ್ಲಿ ಸೋತಿತು. ನಾವು ಚಿಕ್ಕವರಿರುವಾಗ ಆಡಿದ "ಬೆಕ್ಕಿನ ಕಣ್ಣು" ಗೋಲಿ ನೆನಪುಂಟಲ್ವಾ? ಅದು ಜಪಾನಿನವರದ್ದು. 1950ರ ದಶಕದಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು, ಅಲ್ಲಿನ ಕಂಪನಿಗಳು ಎದ್ದು ಬಿದ್ದು ಅದರದ್ದೇ ನಕಲು ಮಾಡಿದವು.

ಇಂಪ್ಲೋಷನ್, ವೋರ್ಟೆಕ್ಸ್ ಮಾಡಲು ಯಾರದ್ದಾದರೂ ಒಪ್ಪಿಗೆ ಬೇಕಾ?

ಬೇಡ. ತಿಳಿ ಗಾಜಿನ ತಟ್ಟೆಯ ಮೇಲೆ ಬಣ್ಣದ ಚುಕ್ಕೆ ಇಟ್ಟು, ಕಾಯಿಸಿ ಒಳಕ್ಕೆ ಮಡಚಿಕೊಳ್ಳುವ ಹಾಗೆ ಮಾಡಿದರೆ ಹೂವು ಅರಳುತ್ತದೆ. ಅದು ಇಂಪ್ಲೋಷನ್. ಸುಳಿಯ ಹಾಗೆ ಗೆರೆ ತಿರುಚಿ ಆಳ ತೋರಿಸಿದರೆ ವೋರ್ಟೆಕ್ಸ್. ಇವು ವಿಧಾನಗಳು. ದೋಸೆ ಹುಯ್ಯಲು ಒಪ್ಪಿಗೆ ಕೇಳಿದ ಹಾಗಾಯಿತು.

ಕಲಿಯಲಿಕ್ಕೆ ಬೇರೆಯವರ ಗೋಲಿಯನ್ನು ಹಾಗೆಯೇ ನಕಲು ಮಾಡಬಹುದಾ?

ಮಾಡಬೇಕು ಅಂತಲೇ ಹೇಳುತ್ತೇನೆ. ನಕಲು ಮಾಡುವಾಗಲೇ ಆ ಗೋಲಿ ಎಷ್ಟು ಕಷ್ಟದ್ದು ಅಂತ ಗೊತ್ತಾಗುವುದು.

ನಾನು ಮೊದಲು ನಕಲು ಮಾಡಿದ್ದು ಒಂದು ಫೋಟೋ ನೋಡಿ. ನೀಲಿ ಹಿನ್ನೆಲೆ, ಬಿಳಿ ಹೂವು. ಬಿಳಿ ಕಡ್ಡಿ ಖಾಲಿಯಾಗಿತ್ತು, ಡಬ್ಬಿಯ ತಳದಲ್ಲಿ ಸಿಕ್ಕಿದ ಇನ್ನೊಂದು ಬಿಳಿ ಹಾಕಿದೆ. ಗೋಲಿ ಚೆನ್ನಾಗಿಯೇ ಬಂತು. ಬೆಳಿಗ್ಗೆ ಕುಲುಮೆ ತೆರೆದರೆ ಮೂರು ಹೋಳು. ನಾನು ಬಳಸುವುದು ಬೋರೋಸಿಲಿಕೇಟ್ ಅನ್ನುವ ಗಟ್ಟಿ ಗಾಜು. ಅದರ ಹಿಗ್ಗುವ ಗುಣಾಂಕ, ಅಂದರೆ ಕಾದಾಗ ಎಷ್ಟು ಹಿಗ್ಗುತ್ತದೆ ಅನ್ನುವ ಲೆಕ್ಕ, 33. ಆ ಬಿಳಿ ಕಡ್ಡಿ ಮಣಿ ಮಾಡುವ ಮೆದು ಗಾಜಿನದ್ದು, ಅದರದ್ದು 104. ಬಿಸಿಯಲ್ಲಿ ಇಬ್ಬರೂ ಕೈ ಹಿಡಿದುಕೊಳ್ಳುತ್ತಾರೆ, ತಣಿಯುವಾಗ ಒಬ್ಬ ಜಾಸ್ತಿ ಕುಗ್ಗುತ್ತಾನೆ, ಇನ್ನೊಬ್ಬ ಕಡಿಮೆ. ಗೋಲಿ ಬಿರಿಯುತ್ತದೆ. 565 ಡಿಗ್ರಿಯಲ್ಲಿ ಇಟ್ಟು ಎಷ್ಟು ನಿಧಾನ ತಣಿಸಿದರೂ ಸರಿಯಾಗುವುದಿಲ್ಲ. ಫೋಟೋದಲ್ಲಿ ಬಣ್ಣ ಮಾತ್ರ ಕಾಣುತ್ತದೆ, ಇದೆಲ್ಲ ಎಲ್ಲಿ ಕಾಣುತ್ತದೆ?

ಹೀಗೆ ಕಲಿಯಲು ಮಾಡಿದ್ದನ್ನು ಮಾರುವ ಮೇಜಿಗೆ ಮಾತ್ರ ತರಬೇಡಿ. ಮನೆಯ ಕಿಟಕಿಯಲ್ಲಿ ಇಡಿ, ತಂಗಿಯ ಮಗುವಿಗೆ ಕೊಡಿ. ಕೊಡುವಾಗಲೂ "ಇಂಥವರದ್ದು ನೋಡಿ ಮಾಡಿದ್ದು" ಅನ್ನಿ.

ಪ್ರಕೃತಿಯಿಂದ ತೆಗೆದ ಆಕಾರಕ್ಕೆ ಒಡೆಯ ಯಾರು?

ಇದರ ಬಗ್ಗೆ ಗಾಜಿನ ಲೋಕದ ಎಲ್ಲರೂ ಓದಲೇಬೇಕಾದ ಒಂದು ತೀರ್ಪು ಉಂಟು. ಕ್ಯಾಲಿಫೋರ್ನಿಯಾದ ರಿಚರ್ಡ್ ಸತಾವಾ ಅನ್ನುವ ಕಲಾವಿದರು ತಿಳಿ ಗಾಜಿನೊಳಗೆ ತೇಲುವ ಜೆಲ್ಲಿ ಮೀನು ಮಾಡುತ್ತಿದ್ದರು. ನೋಡಿದರೆ ನಿಜಕ್ಕೂ ನೀರಿನಲ್ಲೇ ಉಂಟು ಅನ್ನಿಸುತ್ತದೆ. ಹವಾಯಿಯ ಕ್ರಿಸ್ಟೋಫರ್ ಲೌರಿ ಕೂಡ ಅದೇ ಥರ ಮಾಡಲು ಶುರು ಮಾಡಿದರು. ಸತಾವಾ ಕೋರ್ಟಿಗೆ ಹೋದರು. ಕೆಳಗಿನ ಕೋರ್ಟು ಲೌರಿಗೆ ತಡೆ ಹಾಕಿತು. 2003ರಲ್ಲಿ ಮೇಲ್ಮನವಿ ಕೋರ್ಟು ಆ ತಡೆ ತೆಗೆದುಹಾಕಿತು.

ಕಾರಣ ಹೀಗೆ. ಜೆಲ್ಲಿ ಮೀನು ಮೇಲಕ್ಕೆ ಈಜುವುದು, ಅದರ ಬಳ್ಳಿಯಂಥ ಎಳೆಗಳು ಕೆಳಗೆ ಇಳಿಬಿದ್ದಿರುವುದು, ಬಣ್ಣ ಹೊಳೆಯುವುದು, ಇದೆಲ್ಲ ಪ್ರಕೃತಿಯೇ ಕೊಟ್ಟದ್ದು. ಅದನ್ನು ತಿಳಿ ಗಾಜಿನೊಳಗೆ ಇಡುವುದು ಈ ಕಸುಬಿನಲ್ಲಿ ಎಲ್ಲರೂ ಮಾಡುವ ಕೆಲಸ. ಆದ್ದರಿಂದ ಈ ಎರಡನ್ನೂ ಒಬ್ಬನೇ ಬೇಲಿ ಹಾಕಿ ಇಟ್ಟುಕೊಳ್ಳುವ ಹಾಗಿಲ್ಲ. ಎಳೆಗಳ ಒಂದು ವಿಶೇಷ ಬಳುಕು, ಬಣ್ಣಗಳ ಒಂದು ವಿಶೇಷ ಜೋಡಣೆ, ಹೀಗೆ ತಾನೇ ಸೇರಿಸಿದ್ದಕ್ಕೆ ಮಾತ್ರ ರಕ್ಷಣೆ. ಅದೂ ತೆಳು ರಕ್ಷಣೆ. ಹೆಚ್ಚು ಕಡಿಮೆ ಹಾಗೆಯೇ ನಕಲು ಮಾಡಿದರೆ ಮಾತ್ರ ತಪ್ಪು.

ಮೊದಲ ಸಲ ಓದಿದಾಗ ಸತಾವಾ ಅವರ ಬಗ್ಗೆ ಪಾಪ ಅನ್ನಿಸಿತು. ಎರಡನೇ ಸಲ ಓದುವ ಹೊತ್ತಿಗೆ ನನ್ನದೇ ಒಂದು ಕತೆ ಆಗಿತ್ತು.

ನಿಮ್ಮ ಅಡಿಕೆ ಗೋಲಿಯನ್ನು ಯಾರೋ ಕದ್ದರಂತೆ, ನಿಜವಾ?

"ಕದ್ದರು" ಅನ್ನುವ ಮಾತನ್ನು ನಾನೇ ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಈಗ ಸ್ವಲ್ಪ ನಾಚಿಕೆಯಾಗುತ್ತದೆ. ಪೂರ್ತಿ ಅಲ್ಲ, ಸ್ವಲ್ಪ.

ಅಡಿಕೆ ಹೋಳು ಮಾಡಿ ನೋಡಿದ್ದೀರಲ್ವಾ? ಬಿಳಿಯ ಮೇಲೆ ಕಂದು ಗೆರೆಗಳು ಹೊರಗಿನಿಂದ ನಡುವಿಗೆ ಹರಿದು ಬರುತ್ತವೆ. ಒಂದರ ಹಾಗೆ ಇನ್ನೊಂದಿಲ್ಲ. ಅಂಗಳದಲ್ಲಿ ಒಣಗಲು ಹಾಕಿದ ರಾಶಿಯ ನಡುವೆಯೇ ನಾನು ಬೆಳೆದದ್ದು. ಆ ಗೆರೆಯನ್ನು ಗಾಜಿನಲ್ಲಿ ತರಲು ಎರಡು ವರ್ಷ ಹಿಡಿಯಿತು. ಬಿಳಿ ಮತ್ತು ಕಂದು ಗಾಜು ಪದರ ಪದರ ಸೇರಿಸಿ ಕೋಲು ಎಳೆಯುವುದು, ಅಡ್ಡಕ್ಕೆ ತೆಳ್ಳಗೆ ಹೋಳು ಮಾಡುವುದು, ಮೇಲೆ ತಿಳಿ ಗಾಜಿನ ಗುಮ್ಮಟ ಹೊದೆಸುವುದು. ಆ ಗುಮ್ಮಟ ಭೂತಗನ್ನಡಿಯ ಹಾಗೆ ಕೆಲಸ ಮಾಡುತ್ತದೆ, ಗೆರೆ ದೊಡ್ಡದಾಗಿ ಕಾಣುತ್ತದೆ. ಹಿಂದಿನ ಅರ್ಧ ವೀಳ್ಯದೆಲೆಯ ಹಸಿರು. ಒಂದು ಬದಿಯಲ್ಲಿ ಸಾಸಿವೆಯಷ್ಟು ಸಣ್ಣ ಬಿಳಿ ಚುಕ್ಕೆ. ಅದು ಸುಣ್ಣ.

ಜನರಿಗೆ ಇಷ್ಟವಾಯಿತು. ಒಂದು ವರ್ಷ ಕುಂಬಳೆ ಬೆಡಿಗೆ, ಅಂದರೆ ಅಲ್ಲಿನ ಜಾತ್ರೆಯ ಸಿಡಿಮದ್ದಿನ ದಿನ, ಮೇಜು ಹಾಕಿದಾಗ ಅರ್ಧ ದಿನದಲ್ಲಿ ಖಾಲಿ. ಆಮೇಲೆ ಒಂದು ದಿನ ಯಾವುದೋ ಪೇಟೆಯ ಕರಕುಶಲ ಅಂಗಡಿಯ ಗಾಜಿನ ಕಪಾಟಿನಲ್ಲಿ ಅದೇ ಅಡಿಕೆ, ಅದೇ ಹಸಿರು, ಅದೇ ಜಾಗದಲ್ಲಿ ಅದೇ ಚುಕ್ಕೆ! ನನ್ನದಲ್ಲ. "ಸ್ಥಳೀಯ ಕಲಾವಿದರ ಸ್ವಂತ ವಿನ್ಯಾಸ" ಅಂತ ಚೀಟಿ ಬೇರೆ. ಅಂಗಡಿಯವರನ್ನು ಕೇಳಿದೆ. ಎಲ್ಲಿಂದ ಬಂತು ಅಂತ ಹೇಳಲಿಲ್ಲ. ಆ ರಾತ್ರಿ ಊಟ ಸೇರಲಿಲ್ಲ.

ಒಂದು ವಾರ ಬಿಟ್ಟು ತಣ್ಣಗೆ ಯೋಚಿಸಿದೆ. ಅಡಿಕೆಯ ಗೆರೆ ನನ್ನದಾ? ಅಲ್ಲ. ಕೋಲು ಹೋಳು ಮಾಡುವ ತಂತ್ರ ರೋಮನರದ್ದು, ಗುಮ್ಮಟ ಹೊದೆಸಲು ಕಲಿತದ್ದು ಇನ್ನೊಬ್ಬರಿಂದ. ವೀಳ್ಯದೆಲೆ, ಅಡಿಕೆ, ಸುಣ್ಣ ಒಟ್ಟಿಗೆ ಇರುವುದು ನಮ್ಮ ಎಲ್ಲ ಮನೆಯ ತಟ್ಟೆಯಲ್ಲಿ. ಹಾಗಾದರೆ ನನ್ನದು ಅಂತ ಉಳಿದದ್ದು? ಮೂರನ್ನೂ ಒಂದು ಗೋಲಿಯಲ್ಲಿ ಕೂರಿಸಿದ ರೀತಿ, ಆ ಚುಕ್ಕೆ ಕೂತ ಜಾಗ. ಅಷ್ಟೇ. ಜೆಲ್ಲಿ ಮೀನಿನ ಎಳೆಯ ಬಳುಕಿನಷ್ಟು. ಆದರೆ ಆ ಅಷ್ಟನ್ನೂ ಅವರು ಬಿಡದೆ ತೆಗೆದುಕೊಂಡಿದ್ದರು. ಅದಕ್ಕೇ ನಾಚಿಕೆ ಪೂರ್ತಿ ಇಲ್ಲ ಅಂದದ್ದು. ನಾಳೆ ಯಾರಾದರೂ ಬೇರೆ ಥರದ ಅಡಿಕೆ ಗೋಲಿ ಮಾಡಿದರೆ ನಾನು ಬಾಯಿ ಮುಚ್ಚಿಕೊಂಡು ನೋಡಬೇಕು. ಚೆನ್ನಾಗಿದ್ದರೆ ಒಂದು ಕೊಳ್ಳಲೂಬೇಕು.

ನಮ್ಮ ದೇಶದ ಕಾನೂನು ಏನು ಹೇಳುತ್ತದೆ?

ನಾನು ವಕೀಲನಲ್ಲ. ಆದರೂ ಪೆಟ್ಟು ತಿಂದ ಮೇಲೆ ಓದಿದ್ದೇನೆ.

1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಲಾತ್ಮಕ ಕುಶಲ ಕೆಲಸಕ್ಕೂ ಜಾಗ ಉಂಟು. ಹಕ್ಕು ಹುಟ್ಟಲು ನೋಂದಣಿ ಬೇಕಿಲ್ಲ. ಮಾಡಿದವರ ಜೀವಮಾನ, ಆಮೇಲೆ 60 ವರ್ಷ ನಡೆಯುತ್ತದೆ. ಆದರೆ ಬರೀ ಐಡಿಯಾಗೆ ಹಕ್ಕು ಇಲ್ಲ. 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿತು. ಐಡಿಯಾ ಎಲ್ಲರದ್ದು, ಅದನ್ನು ಹೇಳಿದ ರೂಪ ಮಾತ್ರ ನಿಮ್ಮದು.

ಇನ್ನೊಂದು 2000ದ ವಿನ್ಯಾಸ ಕಾಯ್ದೆ. ಇದರಲ್ಲಿ ನೋಂದಣಿ ಬೇಕೇ ಬೇಕು. ಮಾಡಿಸಿದರೆ 10 ವರ್ಷ, ನವೀಕರಿಸಿದರೆ ಇನ್ನೂ 5. ಇದರಲ್ಲಿ ಎಲ್ಲರೂ ಎಡವುವ ಒಂದು ಕಲ್ಲು ಉಂಟು. ವಿನ್ಯಾಸ ಹೊಸದಾಗಿರಬೇಕು, ಮೊದಲೇ ಹೊರಗೆ ಬಂದಿರಬಾರದು. ಫೋಟೋ ಊರಿಗೆಲ್ಲ ಹಂಚಿ, ಜಾತ್ರೆಯಲ್ಲಿ ಮಾರಿ, ಆಮೇಲೆ ನೋಂದಣಿಗೆ ಹೋದರೆ ತಡವಾಯಿತು. ನಾನು ಹೋದದ್ದು ಹಾಗೆಯೇ.

ಎರಡು ಕಾಯ್ದೆಗಳ ನಡುವೆ ಒಂದು ಸಂದೂ ಉಂಟು. ವಿನ್ಯಾಸವಾಗಿ ನೋಂದಾಯಿಸಬಹುದಾಗಿದ್ದೂ ನೋಂದಾಯಿಸದೆ, ಆ ವಸ್ತುವನ್ನು ನೀವೇ ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಜಾಸ್ತಿ ಸಲ ಮಾಡಿದರೆ ಕೃತಿಸ್ವಾಮ್ಯವೂ ಹೋಗುತ್ತದೆ. ಕೊಟ್ಟಿಗೆಯಲ್ಲಿ ಒಂದೊಂದೇ ತಿರುಗಿಸಿ ಮಾಡಿದ್ದು "ಕೈಗಾರಿಕಾ ವಿಧಾನ"ವಾ ಅಂತ ವಾದ ಮಾಡಬಹುದು. ಆ ವಾದದ ಫೀಸಿಗೆ ಎಷ್ಟು ಗೋಲಿ ಮಾರಬೇಕು ಅಂತಲೂ ಲೆಕ್ಕ ಹಾಕಿ.

ನನ್ನ ಹತ್ತಿರ ಕಲಿತವನು ಈಗ ನನ್ನದೇ ಥರ ಮಾಡಿ ಮಾರುತ್ತಿದ್ದಾನೆ. ಏನು ಮಾಡಲಿ?

ದೊಡ್ಡವರ ಮನೆಯಲ್ಲೂ ಇದೇ ದೋಸೆ. ಅಮೆರಿಕದ ಡೇಲ್ ಚಿಹೂಲಿ ಗಾಜಿನ ಲೋಕದ ಅತಿ ದೊಡ್ಡ ಹೆಸರುಗಳಲ್ಲಿ ಒಂದು. 2005ರಲ್ಲಿ ಅವರು ಇಬ್ಬರ ಮೇಲೆ ನಕಲಿನ ಕೇಸು ಹಾಕಿದರು. ಒಬ್ಬರು ವರ್ಷಗಟ್ಟಲೆ ಅವರಿಗೇ ಗಾಜು ಊದಿಕೊಟ್ಟವರು. 2006ರಲ್ಲಿ ಕೋರ್ಟಿನ ಹೊರಗೆ ರಾಜಿಯಾಯಿತು. ಇದೇ ಚಿಹೂಲಿ 1968ರಲ್ಲಿ ಮುರಾನೋದ ವೆನಿನಿ ಕಾರ್ಖಾನೆಯಲ್ಲಿ ಕೂತು ಕಲಿತವರು. ಅಪಘಾತದಲ್ಲಿ ಒಂದು ಕಣ್ಣು ಹೋಗಿ, ಆಮೇಲೆ ಭುಜಕ್ಕೂ ಪೆಟ್ಟಾದ ಮೇಲೆ ಅವರು ಸ್ವತಃ ಊದುವುದನ್ನು ಬಿಟ್ಟರು. ಚಿತ್ರ ಬರೆದುಕೊಡುತ್ತಾರೆ, ತಂಡ ಮಾಡುತ್ತದೆ. ಹಾಗಾದರೆ ಊದಿದ ಕೈಯಲ್ಲಿ ಕೂತ ಅಭ್ಯಾಸ ಯಾರದ್ದು? ನನಗೆ ಈ ಜಗಳದಲ್ಲಿ ಇಬ್ಬರ ಕಡೆಯೂ ಸ್ವಲ್ಪ ಸ್ವಲ್ಪ ಸರಿ ಅನ್ನಿಸುತ್ತದೆ.

ನಿಮ್ಮ ವಿಷಯಕ್ಕೆ ಬಂದರೆ, ಮೊದಲು ಅವನನ್ನು ಚಹಾಕ್ಕೆ ಕರೆಯಿರಿ. ಹತ್ತರಲ್ಲಿ ಎಂಟು ಸಲ ಅವನಿಗೆ ಬೇರೆ ಏನು ಮಾಡುವುದು ಅಂತ ಹೊಳೆದಿರುವುದಿಲ್ಲ, ಅಷ್ಟೇ. ಅವನ ಮನೆಯ ಸುತ್ತ ಏನುಂಟು ಅಂತ ಕೇಳಿ. ಉಪ್ಪಳದ ಹುಡುಗನಾದರೆ ಕಡಲುಂಟು, ಮುಳ್ಳೇರಿಯದವನಾದರೆ ಕೆಂಪು ಮುರಕಲ್ಲು ಉಂಟು. ನನ್ನ ಅಡಿಕೆ ಅವನಿಗೆ ಯಾಕೆ?

ತೆಯ್ಯಂ ಮುಖ, ಯಕ್ಷಗಾನದ ಕಿರೀಟ ಗೋಲಿಯೊಳಗೆ ಹಾಕಬಹುದಾ?

ಕಾನೂನು ತಡೆಯಲಿಕ್ಕಿಲ್ಲ. ಯಕ್ಷಗಾನದ ಬಣ್ಣ ನಾನೂ ಗೋಲಿಯೊಳಗೆ ಹಾಕಿದ್ದೇನೆ, ತೆಂಕುತಿಟ್ಟಿನ ಬಣ್ಣದ ವೇಷ ನೋಡಿ ಮಾಡಿದ್ದು. ಚೌಕಿಗೆ ಹೋಗಿ, ವೇಷ ಕಟ್ಟುವವರ ಹತ್ತಿರ ಕೂತು, ಕೇಳಿ ಮಾಡಿದೆ. ಅವರು ಖುಷಿಪಟ್ಟರು, ಒಂದು ಗೆರೆ ತಪ್ಪಾಗಿದೆ ಅಂತ ಬೈದರು ಕೂಡ.

ತೆಯ್ಯಂ, ಭೂತ ಮಾತ್ರ ನಾನು ಮಾಡುವುದಿಲ್ಲ. ಅದು ಕಟ್ಟುವವರ ಮನೆತನದ್ದು, ನಂಬುವವರ ದೈವ. ಉರುಳಾಡುವ ಗೋಲಿಯೊಳಗೆ ಅದನ್ನು ಹಾಕಲು ನನಗೆ ಮನಸ್ಸು ಬರುವುದಿಲ್ಲ. ನೀವು ಮಾಡಿದರೆ ತಪ್ಪು ಅನ್ನಲಾರೆ, ಆದರೆ ಕೇಳದೆ ಮಾಡಬೇಡಿ.

ಒಂದೇ ಐಡಿಯಾ ಇಬ್ಬರಿಗೂ ಹೊಳೆದರೆ?

ಆಗುತ್ತದೆ. ಒಂದೇ ಟಾರ್ಚ್, ಒಂದೇ ಗಾಜು, ಒಂದೇ ಬಗೆಯ ಉರುಟು. ತಾರೀಕು ಹಾಕಿ ಫೋಟೋ ತೆಗೆದಿಡಿ, ಸ್ಕೆಚ್ ಪುಸ್ತಕ ಇಡಿ. ಎದುರಿನವರ ಮಾತಿನ ಮೇಲೆ ನಂಬಿಕೆ ಇಡುವುದೂ ಕಲಿಯಿರಿ.

ಯಾರಿಂದ ಕಲಿತೆ ಅಂತ ಎಲ್ಲಿ, ಹೇಗೆ ಹೇಳುವುದು?

ಗೋಲಿಯ ಜೊತೆ ಕೊಡುವ ಚೀಟಿಯಲ್ಲಿ. ಎರಡು ಸಾಲು ಸಾಕು. ತಂತ್ರ ಎಲ್ಲಿಯದ್ದು, ನಾನು ಸೇರಿಸಿದ್ದು ಏನು. "ಇಂಥವರಿಂದ ಪ್ರೇರಣೆ" ಅಂತ ಬರೆದುಬಿಟ್ಟು ಅವರದ್ದನ್ನೇ ಹಾಗೆಯೇ ಇಳಿಸಿದರೆ ಅದು ಪ್ರೇರಣೆ ಅಲ್ಲ, ನಕಲಿಗೆ ಪೌಡರ್ ಹಚ್ಚಿದ್ದು. ಬದುಕಿರುವವರ ವಿಶೇಷ ವಿನ್ಯಾಸವಾದರೆ ಒಂದು ಮೆಸೇಜ್ ಕಳಿಸಿ ಕೇಳಿ. ನಾನು ಮೂರು ಸಲ ಕೇಳಿದ್ದೇನೆ. ಎರಡು ಸಲ "ಮಾಡಿ, ನನ್ನ ಹೆಸರು ಹೇಳಿ" ಅಂದರು. ಒಂದು ಸಲ "ಬೇಡ" ಅಂದರು, ಬಿಟ್ಟೆ.

ಹೆಸರು ಹೇಳುವಾಗ ಸರಿಯಾಗಿ ಹೇಳಿ. ಚಿನ್ನದ ಪುಡಿಯ ಹಾಗೆ ಮಿನುಗುವ ಹಳೆಯ ಗೋಲಿಗಳನ್ನು "ಲುಟ್ಜ್" ಅನ್ನುತ್ತಾರೆ. ಆ ಮಿನುಗು ಚಿನ್ನವೂ ಅಲ್ಲ, ತಾಮ್ರದ ಹರಳು. ನಿಕೋಲಸ್ ಲುಟ್ಜ್ ಅನ್ನುವ ಗಾಜಿನ ಕುಶಲಿಯ ಹೆಸರು ಅದಕ್ಕೆ ಅಂಟಿಕೊಂಡಿದೆ, ಆದರೆ ಅವರು ಆ ಗೋಲಿ ಮಾಡಿದ್ದಕ್ಕೆ ಆಧಾರವೇ ಇಲ್ಲ. ನಿಜವಾಗಿ ಮಾಡಿದ ಜರ್ಮನಿಯ ಕೈಗಳಿಗೆ ಹೆಸರೇ ಇಲ್ಲ.

ಮೆಷಿನ್ ಗೋಲಿ ತಂದು ಕೈಕೆಲಸ ಅಂತ ಮಾರುವವರನ್ನು ಗುರುತಿಸುವುದು ಹೇಗೆ?

ಹಳೆಯ ಕೈಗೋಲಿಯಲ್ಲಿ ಕೋಲಿನಿಂದ ಕತ್ತರಿಸಿದ ಗುರುತು ಇರುತ್ತದೆ, ಬೆರಳಿಗೆ ಸಿಗುತ್ತದೆ. ಈಗಿನವರು ಅದನ್ನು ಬೆಂಕಿಯಲ್ಲೇ ನಯ ಮಾಡುತ್ತಾರೆ. ಆದ್ದರಿಂದ ಗುರುತು ಇಲ್ಲದ್ದೆಲ್ಲ ಮೆಷಿನ್ ಅನ್ನಬೇಡಿ. ಹತ್ತು ಗೋಲಿ ಸಾಲಾಗಿ ಇಟ್ಟು ನೋಡಿ. ಹತ್ತೂ ಒಂದೇ ಗಾತ್ರ, ಒಂದೇ ಗೆರೆ ಆಗಿದ್ದರೆ ಅನುಮಾನಪಡಿ. ಕಲಾವಿದರ ಸಹಿ ಹುಡುಕಿ. ಕೆಲವರು ವಜ್ರದ ಮೊನೆಯಲ್ಲಿ ಕೆತ್ತುತ್ತಾರೆ, ಕೆಲವರು ಹೆಸರಿನ ಅಕ್ಷರವನ್ನೇ ಮುರಿನೆ ಮಾಡಿ ತಳದಲ್ಲಿ ಕೂರಿಸುತ್ತಾರೆ. ನನ್ನದರಲ್ಲಿ ಒಂದು "ಅ" ಉಂಟು.

ಅಡಿಕೆ ಗೋಲಿಯ ಗುಟ್ಟು ಹೇಳಿಕೊಡುತ್ತೀರಾ?

ಕೊಡುತ್ತೇನೆ. ಗೆರೆ ಎಳೆಯುವುದು, ಹೋಳು ಮಾಡುವುದು, ಗುಮ್ಮಟ ಹೊದೆಸುವುದು, ಎಲ್ಲ. ಸುಣ್ಣದ ಚುಕ್ಕೆ ಮಾತ್ರ ನನಗೆ ಬಿಡಿ, ನಿಮ್ಮದಕ್ಕೆ ಬೇರೆ ಏನಾದರೂ ಹುಡುಕಿಕೊಳ್ಳಿ. ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಬನ್ನಿ. ಚಪ್ಪಲಿ ಬೇಡ, ಶೂ ಹಾಕಿ. ಹತ್ತಿ ಬಟ್ಟೆ ಇರಲಿ, ನೈಲಾನ್ ಬೇಡ, ಕಿಡಿ ಬಿದ್ದರೆ ಮೈಗೆ ಅಂಟುತ್ತದೆ. ಮಳೆಗಾಲದಲ್ಲಿ ಬರುವವರು ಮೊದಲು ಫೋನ್ ಮಾಡಿ, ಕರೆಂಟ್ ಹೋದರೆ ಕುಲುಮೆ ತಣಿಯುತ್ತದೆ, ಆ ದಿನ ಬರೀ ಚಹಾ.